ಹದಿಮೂರನೆಯ ಕಮಾನಿನ ಬೆಲ್ಲದ ಗಂಗಮ್ಮ

ಪುರಾಣವೆಂದ ಮೇಲೆ ಕೃತಯುಗದಲ್ಲೇ ನಡೆದಿರಬೇಕೆಂದು ಹಟ ಹಿಡಿಯುವ ಭಕ್ತಾದಿಗಳು ಮನ್ನಿಸಬೇಕು. ನಮ್ಮ ತಾಯಿ ಗಂಗಮ್ಮ ಪ್ರಕಟಳಾದದ್ದು ಸಾಕ್ಷಾತ್ ಕಲಿಯುಗದಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ, ಇಂಬುಗಲ್ಲಿನ ಕೆರೆಯ ಜಲವನ್ನು ದಂಡಿನ ಪೇಟೆಗೆ ಒಯ್ಯಲೆಂದು ಹಳ್ಳದ ಎರಡೂ ದಡಗಳನ್ನು ಕೂಡಿಸಿ, ಇಪ್ಪತ್ತೊಂದು ಶಿಲಾಕಮಾನುಗಳ ಮೇಲೆ ಗಗನಗಾಮಿಯಾದ ಕಾಲುವೆಯೊಂದು ನಿರ್ಮಾಣವಾಗುತ್ತಿದ್ದ ಪುಣ್ಯಕಾಲದಲ್ಲಿ.

ಆ ಕಮಾನುಗಳಿಗೆ ಗಾರೆ ಅರೆಯುತ್ತಿದ್ದವಳು ತಿಪ್ಪಕ್ಕ. ಸುಟ್ಟ ಸುಣ್ಣಕ್ಕೆ ಮರಳು ಬೆರೆಸಿ, ಬೆಲ್ಲದ ನೀರು ಹೊಯ್ದು, ಬೆಣ್ಣೆಯಂತಾಗುವವರೆಗೆ ಅರೆದರೆ ಆ ಗಾರೆ ಕಲ್ಲನ್ನು ಕಚ್ಚಿ ಹಿಡಿಯುತ್ತಿತ್ತು. ಹದಿಮೂರನೆಯ ಕಮಾನು ಕಟ್ಟಿದವನು ಅವಳ ಗಂಡ ಹನುಮಬೋವಿ. ಅವರ ಕಸುಬಿನಲ್ಲೊಂದು ಕಟ್ಟಳೆಯಿತ್ತು: ಕಮಾನಿನ ನೆತ್ತಿಗಲ್ಲು ಕೂರಿಸಿದವನೇ ಮೊದಲ ನೀರು ಹರಿಯುವಾಗ ಅದರ ಕೆಳಗೆ ನಿಲ್ಲಬೇಕು. ಕಟ್ಟಡ ಕುಸಿದರೆ ಕಟ್ಟಿದವನ ತಲೆಯ ಮೇಲೇ!

ನೆತ್ತಿಗಲ್ಲು ಕೂರಿಸುವ ದಿನ, ಬಿಸಿಲಿಗೆ ಲೋಕವೆಲ್ಲ ತೂಕಡಿಸುತ್ತಿದ್ದ ಮಟಮಟ ಮಧ್ಯಾಹ್ನ, ಒದ್ದೆ ಸೀರೆಯ ಮುದುಕಿಯೊಬ್ಬಳು ಬಂದು ತಿಪ್ಪಕ್ಕನ ಮುಂದೆ ಬೊಗಸೆಯೊಡ್ಡಿದಳು.

"ಗಂಟಲು ಒಣಗೈತೆ ಮಗಳೇ."

ತಿಪ್ಪಕ್ಕ ಗಾರೆಗೆಂದಿಟ್ಟ ಬೆಲ್ಲದ ನೀರನ್ನೇ ಹೊಯ್ದಳು, ಮುದುಕಿ ಕುಡಿದಳು, ಮತ್ತೆ ಹೊಯ್ದಳು, ಮತ್ತೆ ಕುಡಿದಳು. ಅಯ್ಯೋ ಶಿವನೇ, ನೋಡುತ್ತಾಳೆ, ಕೊಡವೇ ಬರಿದು! ಮುದುಕಿಯ ಸುಳಿವೂ ಇಲ್ಲ. ಮೇಲಿಂದ "ಗಾರೆ ತಾರೇ!" ಎಂದು ಗಂಡನ ಕೂಗು. ಕಂಗಾಲಾದ ತಿಪ್ಪಕ್ಕ ಬರೀ ಹಳ್ಳದ ನೀರಿನಲ್ಲಿ ಕಲಸಿ ಕೊಟ್ಟುಬಿಟ್ಟಳು. ಹೇಳಿದರೆ ಬೈಗುಳ; ನಾಳೆ ಹೇಳಿದರಾಯಿತು ಎನ್ನುತ್ತಲೇ ತಿಂಗಳುಗಳು ಉರುಳಿದವು.

ವೈಶಾಖ ಶುದ್ಧ ಪಂಚಮಿಯಂದು ಕೆರೆಯ ತೂಬು ಎತ್ತಿದರು. ಹನುಮಬೋವಿ ಮಿಂದು ಮಡಿಯುಟ್ಟು ಕಮಾನಿನ ಕೆಳಗೆ ನಿಂತ. ತಿಪ್ಪಕ್ಕ ಓಡಿಬಂದಳು.

"ನಿನ್ನ ದಮ್ಮಯ್ಯ, ಅಲ್ಲಿ ನಿಲ್ಲಬ್ಯಾಡ! ಆ ನೆತ್ತಿಗಲ್ಲಿನ ಗಾರೆಗೆ ನಾನು ಬೆಲ್ಲದ ನೀರು ಹಾಕಿಲ್ಲ."

ಅವನ ಮುಖ ಬಿಳಿಚಿಕೊಂಡಿತು. "ಈಗ ಹೇಳ್ತೀಯಲ್ಲೇ! ಓಡಿಹೋದ್ರೆ ನಾಳೆ ಯಾರಿಗೆ ಮುಖ ತೋರಿಸಲಿ? ಕಟ್ಟಿದೋನು ನಾನು, ನಿಲ್ತೀನಿ. ನೀನು ಆಚೆ ಹೋಗು."

"ಅರೆದೋಳು ನಾನು," ಎಂದು ತಿಪ್ಪಕ್ಕ ಅವನ ಪಕ್ಕದಲ್ಲೇ ನಿಂತು ಕಣ್ಣು ಮುಚ್ಚಿದಳು.

ತಲೆಯ ಮೇಲೆ ನೀರಿನ ಸದ್ದು ಜೋಗುಳದಂತೆ ಬಂತು, ಕಮಾನು ದಾಟಿತು. ಕಲ್ಲು ಕದಲಲಿಲ್ಲ. ಒಂದೇ ಒಂದು ಹನಿ ಅವಳ ತುಟಿಯ ಮೇಲೆ ಬಿತ್ತು. ಸಿಹಿ! ಅದೇ ಕ್ಷಣದಲ್ಲಿ ಶಿಲಾಂತರಾಳದಿಂದ ದಿವ್ಯವಾಣಿಯೊಂದು ಹೊಮ್ಮಿತು: "ಮಗಳೇ, ಅಂದು ನನ್ನ ಬೊಗಸೆಗೆ ನೀನೆರೆದ ಒಂದು ಕೊಡ ಬೆಲ್ಲದ ನೀರನ್ನು ಹನಿಹನಿಯಾಗಿ ನಿನ್ನವರಿಗೆ ಉಣಿಸುವೆನು. ಕೊಡ ಬರಿದಾಗುವವರೆಗೆ ಈ ಕಮಾನನ್ನು ನಾನೇ ಹೊತ್ತಿರುವೆನು."

ತಿಪ್ಪಕ್ಕ ಗಂಡನ ತೋಳು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಇಂದಿಗೂ ಆ ಪಂಚಮಿಯಂದು ದಂಪತಿಗಳು ಜೊತೆಯಾಗಿ ಹದಿಮೂರನೆಯ ಕಮಾನಿನ ಕೆಳಗೆ ನಿಂತು, ಒಬ್ಬರಿಗೊಬ್ಬರು ಮುಚ್ಚಿಟ್ಟದ್ದನ್ನು ಹೇಳಿಕೊಂಡು, ತೀರ್ಥಕ್ಕೆ ಅಂಗೈಯೊಡ್ಡುತ್ತಾರೆ. ದಂಡಿನವರು ಹೋದರು; ಕೆರೆಯ ನೀರಿಗೆ ಬೇರೆ ಕೊಳವೆ ಬಂತು; ಮೇಲಿನ ಕಾಲುವೆ ಬತ್ತಿ, ಅದರಲ್ಲೀಗ ಹುಲ್ಲು ಬೆಳೆದು ಮೇಕೆಗಳು ಮೇಯುತ್ತವೆ. ಹನಿ ಮಾತ್ರ ಬೀಳುತ್ತಲೇ ಇದೆ. ತಿಪ್ಪಕ್ಕನ ಕೊಡ ಇನ್ನೂ ಬರಿದಾಗಿಲ್ಲ.