ಸಾಕಮ್ಮನ ಆಟೋಗೆ ಕೂಡಿಬಂದ ಮದುವೆ

ತಾಳಪುರದ ಸಾಕಮ್ಮನ ಕರೆಂಟ್ ಆಟೋ ಪಕ್ಕದ ಬಿಳಿಗೆರೆಯಲ್ಲಿ ಚಾರ್ಜ್ ಮುಗಿದು ಉಸಿರು ನಿಲ್ಲಿಸಿತು. ಶಾಲೆ ಬಿಡುವುದರೊಳಗೆ ತಾಳಪುರ ಸೇರದಿದ್ದರೆ ಮಕ್ಕಳನ್ನು ಕರೆತರುವ ಬಾಡಿಗೆ ಬೇರೆಯವರ ಪಾಲು.

ಚಾರ್ಜಿಂಗ್ ಜಾಗದಲ್ಲಿ ನಗರಸಭೆಯ ರುದ್ರೇಗೌಡರು ಅಡ್ಡ ನಿಂತರು. "ಬೇರೆ ಊರಿನ ಗಾಡಿಗೆ ಇಲ್ಲಿ ಚಾರ್ಜ್ ಇಲ್ಲಮ್ಮ. ರೂಲ್ಸು!"

"ಈ ಊರಿನದೇ ಮಾಡಿದರಾಯ್ತು ಬಿಡಿ," ಎಂದಳು ಸಾಕಮ್ಮ.

ಮಳೆಗಾಗಿ ಕತ್ತೆಗೇ ಮದುವೆ ಮಾಡುವ ಜನ, ಆಟೋಗೆ ಮಾಡಬಾರದೇ? ಅಲ್ಲೇ ಚಾರ್ಜಿಗೆ ನಿಂತಿದ್ದ ಗೌಡರ ಜೀಪಿಗೆ ಹಾರ ಹಾಕಿದಳು. ಆಟೋ ಹ್ಯಾಂಡಲಿಗೆ ಅರಿಸಿನದ ಕೊಂಬು ಕಟ್ಟಿದಳು. ಸುದ್ದಿ ಕೇಳಿ ಓಡಿಬಂದ, ಕಮ್ಮಿ ಅಂದರೂ ಸಾವಿರ ಜನ ಅಕ್ಷತೆ ಹಾಕಿದರು.

"ಬೀಗರೇ, ಸೊಸೇನ ಉಪವಾಸ ಕೆಡವ್ತೀರಾ?"

ಗೌಡರು ಹಲ್ಲು ಕಡಿಯುತ್ತಲೇ ಆಟೋಗೆ ವೈರು ಸಿಕ್ಕಿಸಿದರು.

ಮರುವಾರ ಅವರ ಜೀಪು ತಾಳಪುರದಲ್ಲಿ ನಿಂತುಹೋಯಿತು. ಅಲ್ಲೂ ಅದೇ ರೂಲ್ಸು. ಗೌಡರು ಮೀಸೆ ಸರಿಮಾಡಿಕೊಂಡು ಕೂಗಿದರು: "ದಾರಿ ಬಿಡ್ರಪ್ಪಾ, ನಿಮ್ಮೂರಿನ ಅಳಿಯ ಬಂದವ್ನೆ!"