ಇವಳೆ ಚಾವಡಿ

ಮಾರಗೊಂಡನದುರ್ಗದ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಬಂದವರು ಮೊದಲು ಹೊಗುವುದು ನಡುವಿನ ದೊಡ್ಡ ಕಲ್ಲುಕಟ್ಟಡವನ್ನು. ಫಲಕದ ಮೇಲೆ ‘ಮುಖ್ಯ ಕಟ್ಟಡ’ ಎಂದಿದೆ. ಊರವರ ಬಾಯಲ್ಲಿ ಮಾತ್ರ ಅದು ಇವಳೆ ಚಾವಡಿ. ಕತ್ತಿ, ನಾಣ್ಯ, ವೀರಗಲ್ಲುಗಳ ನಡುವೆ ಪರಸ್ಥಳದವರು ಜೋರಾಗಿ ಮಾತಾಡುತ್ತ ಅಡ್ಡಾಡುತ್ತಾರೆ. ನಮ್ಮೂರ ಹೆಂಗಸರು ಒಳಗೆ ಕಾಲಿಟ್ಟ ಮೇಲೆ ಯಾರು ಕರೆದರೂ ಓಗೊಡುವುದಿಲ್ಲ. ಅದನ್ನು ಕಂಡು ನಗುವವರಿದ್ದಾರೆ. ನಗಲಿ, ಕಥೆ ಕೇಳಿದ ಮೇಲೂ ನಕ್ಕವರನ್ನು ನಾನು ಕಂಡಿಲ್ಲ.

ಹಿಂದೆ ಒಮ್ಮೆ ಇಲ್ಲಿನ ಪಾಳೆಯಗಾರ ಗಾದ್ರಪ್ಪನಾಯಕ ನ್ಯಾಯ ಹೇಳುವುದಕ್ಕೆಂದು ಈ ಚಾವಡಿ ಕಟ್ಟಿಸಲು ಹೊರಟನಂತೆ. ಈಶಾನ್ಯದ ಮೂಲೆ ಏಳಿಸಿದಷ್ಟು ಸಲವೂ ಕುಸಿಯಿತು. ಪಾಯದೊಳಗಿನಿಂದ ಬಂದ ಕರೆಗೆ ಯಾರು ಓ ಎನ್ನುತ್ತಾರೋ ಅವರನ್ನು ಆ ಮೂಲೆಗೆ ಬಲಿ ಕೊಡಬೇಕು ಎಂದು ಕಣಿ ಹೇಳುವವನು ಹೇಳಿದ. ಅಂದಿನಿಂದ ನಾಯಕನ ಆಳುಗಳು ಪಾಯಕ್ಕಿಳಿದು ದಾರಿಹೋಕರ ಹೆಸರು ಕೂಗತೊಡಗಿದರು. ಊರೇ ಮೂಕವಾಯಿತು. ತಾಯಂದಿರು ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದು ಆ ಬೀದಿ ದಾಟುತ್ತಿದ್ದರು. ಮನೆಯೊಳಗೂ ಒಬ್ಬರನ್ನೊಬ್ಬರು ಕರೆಯಲು ಹೆದರುತ್ತಿದ್ದರು. ಕಲ್ಲುಕುಟಿಗ ಬೊಮ್ಮೋಜನಿಗೆ ಆ ಪಾಯದಲ್ಲೇ ಕೆಲಸ. ಅವನ ಜೀವವೆಲ್ಲ ಹೆಂಡತಿಯ ಮೇಲೆ. ಹೆಸರು ಹಿಡಿದು ಯಾರೇ ಕರೆದರೂ ಓ ಎನ್ನಬೇಡವೆಂದು ದಿನವೂ ಅವಳಿಗೆ ಹೇಳಿಯೇ ಮನೆ ಬಿಡುತ್ತಿದ್ದ.

ಒಂದು ಮಧ್ಯಾಹ್ನ ಅವಳು ಬುತ್ತಿ ತಂದಳು. ಆಳುಗಳು ಅವಳ ಹೆಸರು ಕೂಗಿದರು. ಅವಳು ತುಟಿ ಕಚ್ಚಿಕೊಂಡು ನಡೆದಳು. ಅಷ್ಟರಲ್ಲಿ ಪಾಯದ ಅಂಚಿನ ಮಣ್ಣು ಅವಳ ಕಾಲ ಕೆಳಗೆ ಸಡಿಲುವುದನ್ನು ಬೊಮ್ಮೋಜ ಕೆಳಗಿನಿಂದ ಕಂಡ. ಗಂಡ ಹೆಂಡತಿಯ ಹೆಸರು ಹೇಳದ ಕಾಲ ಅದು. ಮನೆಯಲ್ಲಿ ಕರೆಯುವಂತೆಯೇ, “ಇವಳೇ, ಅಲ್ಲೇ ನಿಲ್ಲು” ಎಂದು ಕೂಗಿಬಿಟ್ಟ.

“ಓ” ಎಂದು ಅವಳು ನಿಂತಳು.

ಸುತ್ತಿಗೆಗಳೆಲ್ಲ ನಿಂತವು. ತಾನು ಓಗೊಟ್ಟದ್ದು ಪಾಯದೊಳಗಿನ ಕರೆಗೆ ಎಂದು, ಆಳುಗಳು ತನ್ನತ್ತ ಹತ್ತಿ ಬರುವುದನ್ನು ಕಂಡಾಗಲೇ ಅವಳಿಗೆ ತಿಳಿದದ್ದು. ಬೊಮ್ಮೋಜ ಅವರ ಕಾಲು ಹಿಡಿದು, ತನ್ನನ್ನೇ ಇಟ್ಟು ಕಟ್ಟಿರೆಂದು ಗೋಗರೆದ. ಓ ಎಂದವನು ನೀನಲ್ಲವಲ್ಲ ಎಂದರಂತೆ. ಅವಳು ಬುತ್ತಿಗಂಟನ್ನು ಗಂಡನ ಕೈಗಿಟ್ಟಳು.

“ಹೆಸ್ರು ಹಿಡಿದು ಕರದ್ರೆ ಓ ಅನ್ಬ್ಯಾಡ ಅಂದಿದ್ರಿ. ನೀವು ಹೆಸ್ರು ಹಿಡೀಲಿಲ್ವಲ್ಲ.”

ಮೂಲೆ ಮತ್ತೆ ಕುಸಿಯಲಿಲ್ಲ. ಆದರೆ ನಾಯಕ ಅಲ್ಲಿ ನ್ಯಾಯಕ್ಕೆ ಕೂತಾಗ, ಯಾರ ಹೆಸರು ಕೂಗಿದರೂ ಒಬ್ಬರೂ ಓಗೊಡಲಿಲ್ಲ ಎನ್ನುತ್ತಾರೆ. ಚಾವಡಿ ಪಾಳುಬಿತ್ತು. ಅವಳ ಹೆಸರನ್ನು ಮತ್ತೆ ಉಸುರಲು ಯಾರಿಗೂ ಧೈರ್ಯ ಬರಲಿಲ್ಲ. ಗಂಡ ಕರೆದದ್ದೇ ಕಟ್ಟಡಕ್ಕೆ ಉಳಿಯಿತು.

ಈಶಾನ್ಯದ ಮೂಲೆಗಲ್ಲಿನಲ್ಲಿ ಬೊಮ್ಮೋಜ ಕೆತ್ತಿದ ಬುತ್ತಿಗಂಟು ಈಗಲೂ ಇದೆ. ಪಕ್ಕದ ಚೀಟಿಯಲ್ಲಿ ‘ಹಣ್ಣಿನ ಕೆತ್ತನೆ’ ಎಂದು ಬರೆದಿದ್ದಾರೆ. ನೆಂಟರಿಷ್ಟರು ಬಂದಾಗ ನಾನೂ ನನ್ನ ಹೆಂಡತಿಯೂ ಅವರನ್ನು ಅಲ್ಲಿಗೆ ಕರೆದೊಯ್ಯುತ್ತೇವೆ. ಒಳಗಿರುವಷ್ಟು ಹೊತ್ತೂ ನಾನು ಅವಳ ಕೈ ಬಿಡುವುದಿಲ್ಲ, ಕರೆಯುವ ಪ್ರಸಂಗವೇ ಬರಬಾರದೆಂದು. ಈ ವಯಸ್ಸಿನಲ್ಲಿ ಹಾಗೆ ಕೈ ಹಿಡಿದು ನಡೆಯುವುದನ್ನು ಕಂಡು ಕಥೆ ತಿಳಿಯದ ನೆಂಟರು ನಗುತ್ತಾರೆ. ಕಾವಲುಗಾರ ನಗುವುದಿಲ್ಲ, ಅವನೂ ಈ ಊರಿನವನೇ.