ಮರ ತಿನ್ನುವ ಮೀನಿನ ತಿಳಿನೀರು

“ಗುರುಗಳೇ, ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಅದನ್ನು ಬಿಚ್ಚಿ ನೋಡಬೇಕೆ?”

ಕೇಳಿದವನು ನಿಜಗುಣ. ದಾವಣಗೆರೆಯಲ್ಲಿ ಅವನದೊಂದು ಕಾಳಿನ ಮಂಡಿ. ಗುರುಗಳೂ ಒಂದು ಕಾಲಕ್ಕೆ ಬೆಲ್ಲದ ವ್ಯಾಪಾರ ಮಾಡಿದವರು. ಹಾಗಾಗಿ ಪೇಟೆಯವರು ಅವರ ಬಳಿಗೆ ದೇವರ ವಿಚಾರಕ್ಕಿಂತ ಅಂಗಡಿಯ ವಿಚಾರಕ್ಕೇ ಹೆಚ್ಚು ಬರುತ್ತಿದ್ದರು. ಏನನ್ನು ಬಿಚ್ಚುವ ಮಾತು ಎಂದು ಅವರು ಕೇಳಿದರು.

ನಿಜಗುಣ ವಿವರಿಸಿದ. ಮಂಡಿಯ ಮುಂದಿನ ಗಾದಿಯ ಮೇಲೆ ಕೂರುವವನು ಅವನ ತಮ್ಮ ಮುರಿಗೆಪ್ಪ. ತೂಕದ ತಕರಾರು, ಹಮಾಲರ ಸಿಟ್ಟು, ಮಾಲು ವಾಪಸು ತಂದವರ ಬೈಗುಳ ಎಲ್ಲವೂ ಮೊದಲು ಅವನ ಮುಂದೆ ಬರುತ್ತವೆ, ಬಂದು ಅಲ್ಲಿಯೇ ನಿಲ್ಲುತ್ತವೆ. ನಿಜಗುಣ ಕೂರುವ ಒಳಗಿನ ಕೋಣೆಗೆ ಒಂದು ಏರಿದ ದನಿಯೂ ಬಂದದ್ದಿಲ್ಲ. ಮನೆಯಲ್ಲಿಯೂ ಹಾಗೆಯೇ. ತಾಯಿಯ ಮುನಿಸು, ನಿಜಗುಣನ ಸ್ವಂತ ಕೋಪ, ಎರಡೂ ಮುರಿಗೆಪ್ಪನ ತನಕ ಹೋಗಿ ಮುಗಿಯುತ್ತವೆ. ಈಗ ಮುರಿಗೆಪ್ಪನ ಹೆಂಡತಿ ಬಂದು, ಇವರು ಊಟ ಬಿಟ್ಟಿದ್ದಾರೆ, ಮಕ್ಕಳೊಡನೆ ಮಾತು ಬಿಟ್ಟಿದ್ದಾರೆ, ಸ್ವಲ್ಪ ಕಾಲ ಆ ಗಾದಿಯ ಮೇಲೆ ಬೇರೆ ಯಾರನ್ನಾದರೂ ಕೂರಿಸಿ ಬಾವ ಎಂದು ಕೇಳಿಕೊಂಡಿದ್ದಾಳೆ. ಸುಗ್ಗಿಯ ಮಾಲು ಬರುವ ಹೊತ್ತು. ತಮ್ಮನಂತೂ ತಾನಾಗಿ ಒಂದು ಮಾತೂ ಹೇಳಿಲ್ಲ. ಹೇಳದವನನ್ನು ಎಬ್ಬಿಸಿ, ನಡೆಯುವ ಮಂಡಿಯನ್ನು ಕದಡುವುದು ಯಾವ ಜಾಣತನ ಎಂಬುದು ನಿಜಗುಣನ ಪ್ರಶ್ನೆ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೂತುಕೋ, ಒಂದು ಮೀನಿನ ವಿಚಾರ ಹೇಳುತ್ತೇನೆ ಎಂದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ಅಂಗಡಿ ಮದುವೆ ಸೀರೆಗೆ ಹೆಸರಾದದ್ದು. ಅಂಗಡಿಯ ನಡುವೆ ದೊಡ್ಡದೊಂದು ಅಕ್ವೇರಿಯಂ ಇಟ್ಟಿದ್ದ. ಅದು ಅಂದಕ್ಕಲ್ಲ. ಮದುಮಗಳ ಹೆಗಲ ಮೇಲೆ ಸೀರೆ ಹೊದಿಸಿ ಆ ಗಾಜಿನ ಮುಂದೆ ನಿಲ್ಲಿಸುವುದು ಆ ಅಂಗಡಿಯ ಪದ್ಧತಿ. ಹಿಂದೆ ದೀಪ, ನಡುವೆ ತಿಳಿನೀರು. ಆ ಬೆಳಕಿನಲ್ಲಿ ಜರಿಯ ಅಂಚು ಇರುವುದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಕನ್ನಡಿಯ ಮುಂದೆ ಬೇಡವೆಂದ ಸೀರೆಯನ್ನು ನೀರಿನ ಮುಂದೆ ಬೇಕೆಂದವರು ಬಹಳ ಮಂದಿ. ನೀರು ಶುಭ ಎಂದು ಜೊತೆಗೆ ಬಂದ ಹಿರಿಯರೂ ತಲೆದೂಗುತ್ತಿದ್ದರು. ಆದ್ದರಿಂದ ವ್ಯಾಪಾರಿಗೆ ನೀರು ತಿಳಿಯಾಗಿರಬೇಕಿತ್ತು. ಮೀನುಗಳ ಬಗ್ಗೆ ಅವನಿಗೆ ಬೇರೆ ಅಭಿಪ್ರಾಯವಿರಲಿಲ್ಲ.

ಅವನ ಹೆಂಡತಿಗೆ ಇತ್ತು. ಮಕ್ಕಳಿಲ್ಲದ ಆಕೆ ಮಧ್ಯಾಹ್ನ ಅಂಗಡಿಗೆ ಬಂದು ಗಾಜಿನ ಬಳಿ ಕೂರುತ್ತಿದ್ದಳು. ಆಕೆಯ ಆಸೆ ನೋಡಿ ಮೀನು ಮಾರುವವನು ಒಮ್ಮೆ ಮರ ತಿನ್ನುವ ಕ್ಯಾಟ್‌ಫಿಶ್ ತಂದುಕೊಟ್ಟ. ಕಪ್ಪು ಮೈ, ಕವಚದಂಥ ಚರ್ಮ, ಹೊಟ್ಟೆಯ ಕಡೆಗೆ ತಿರುಗಿದ ಬಾಯಿ, ಪುಟ್ಟ ಚಮಚದಂಥ ಹಲ್ಲು. ನೀರಿನಲ್ಲಿ ಮುಳುಗಿಸಿಟ್ಟ ಮರದ ತುಂಡನ್ನು ಅದು ಎಡೆಬಿಡದೆ ಕೆರೆಯುತ್ತದೆ. ಕಿವಿಗೊಟ್ಟರೆ ಆ ಸದ್ದು ಗಾಜಿನ ಹೊರಗೂ ಕೇಳುತ್ತದೆ. ಆಕೆ ಕಿವಿಗೊಟ್ಟು ಕೂರುತ್ತಿದ್ದಳು. ಸೌತೆಕಾಯಿಯ ಹೋಳು ಹಿಡಿದರೆ ಅದು ಬೇರೆ ಯಾರ ಕೈಗೂ ಬರುತ್ತಿರಲಿಲ್ಲ, ಆಕೆಯ ಬೆರಳ ತನಕ ಬರುತ್ತಿತ್ತು.

ಆದರೆ ತಿಂದ ಮರ ಅದರ ಮೈಗೆ ಹತ್ತುವುದು ಬಹಳ ಕಡಿಮೆ. ಒಳಗೆ ಹೋದದ್ದರ ಹೆಚ್ಚಿನ ಪಾಲು ಹೊಟ್ಟಾಗಿ ಹೊರಗೆ ಬರುತ್ತದೆ. ಕೆಲವೇ ದಿನಗಳಲ್ಲಿ ತೊಟ್ಟಿಯ ತಳ ಮರ ಕೊಯ್ಯುವ ಮಿಲ್ಲಿನ ನೆಲದಂತಾಯಿತು. ವ್ಯಾಪಾರಿ ಮರದ ತುಂಡನ್ನು ತೆಗೆಸಿದ. ನೀರು ತಿಳಿಯಾಯಿತು, ಮೀನಿನ ಹೊಟ್ಟೆ ಒಳಕ್ಕೆ ಹೋಯಿತು. ಅದು ಬರಿಯ ಗಾಜನ್ನು ಕೆರೆಯತೊಡಗಿತು. ಹೆಂಡತಿ ಗಂಡನೊಡನೆ ಮಾತು ಬಿಟ್ಟಳು. ಸೀರೆಗೆ ಬಂದವರು ಸೊರಗಿದ ಮೀನನ್ನು ನೋಡಿ ಮುಖ ತಿರುಗಿಸಿದರು. ಎರಡನೆಯ ಕಾರಣಕ್ಕೆ ವ್ಯಾಪಾರಿ ಮರವನ್ನು ಮತ್ತೆ ಇಳಿಸಿದ.

ಈಗ ಅವನಿಗೆ ಮರವೂ ಇರಬೇಕು, ಹೊಟ್ಟೂ ಕಾಣಬಾರದು. ಮೀನು ಮಾರುವವನು ದೊಡ್ಡದೊಂದು ಫಿಲ್ಟರ್ ತಂದು ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕೂರಿಸಿದ. ಮುಚ್ಚಳ ಬಿಗಿದ ಡಬ್ಬಿ ಅದು. ನೀರು ಒಂದು ಕೊಳವೆಯಲ್ಲಿ ಇಳಿದು, ಡಬ್ಬಿಯೊಳಗೆ ಹಾದು, ಇನ್ನೊಂದು ಕೊಳವೆಯಲ್ಲಿ ಮೇಲೇರುತ್ತದೆ. ಹೊಟ್ಟಿನ ಬಹುಪಾಲು ಹೊರಗೇ ನಿಲ್ಲಲಿ ಎಂದು ಇಳಿಯುವ ಕೊಳವೆಯ ಬಾಯಿಗೆ ದೊಡ್ಡ ಕಣ್ಣಿನ ಸ್ಪಂಜು ತೊಡಿಸಿದ. ಡಬ್ಬಿಯೊಳಗೆ ತೂತು ತೂತಾದ ಕಲ್ಲಿನ ಚೂರುಗಳನ್ನು ತುಂಬಿದ. ಕೊಳೆಯಿಂದ ನೀರಿನಲ್ಲಿ ಕಣ್ಣಿಗೆ ಕಾಣದ ವಿಷ ಹುಟ್ಟುತ್ತದೆ, ಈ ಕಲ್ಲುಗಳಲ್ಲಿ ಮನೆಮಾಡುವ ಸೂಕ್ಷ್ಮಜೀವಿಗಳು ಅದನ್ನು ಕಳೆಯುತ್ತವೆ, ಅವಕ್ಕೂ ಉಸಿರು ಬೇಕು, ಆದ್ದರಿಂದ ನೀರು ಹರಿಯುತ್ತಲೇ ಇರಬೇಕು ಎಂದ. ಸ್ಪಂಜನ್ನು ಆಗಾಗ ಹಿಂಡಬೇಕು. ಒಳಗಿನದನ್ನೂ ಬಿಚ್ಚಿ ತೊಳೆಯಬೇಕು, ಅದೂ ನಲ್ಲಿಯ ನೀರಿನಲ್ಲಲ್ಲ, ತೊಟ್ಟಿಯದೇ ನೀರಿನಲ್ಲಿ. ನಲ್ಲಿಯ ನೀರಿಗೆ ಹಾಕಿದ ಔಷಧಿ ಆ ಜೀವಿಗಳನ್ನೂ ಕೊಲ್ಲುತ್ತದೆ ಎಂದ.

ವ್ಯಾಪಾರಿಗೆ ಇಷ್ಟು ಸಾಲಲಿಲ್ಲ. ದೀಪ ಹಾಕಿದಾಗ ನೀರಿನಲ್ಲಿ ಇನ್ನೂ ನವಿರಾದ ದೂಳು ತೇಲುತ್ತಿತ್ತು. ಹೊಟ್ಟು ಹಿಡಿದ ಸ್ಪಂಜು ಗಾಜಿನಲ್ಲಿ ಕಾಣುತ್ತದೆ, ಅದನ್ನು ತೆಗೆ, ಡಬ್ಬಿಗೆ ಹತ್ತಿಯಂಥದು ಏನಾದರೂ ಒತ್ತಿ ತುಂಬು ಎಂದ. ತುಂಬಿದರೆ ಎಲ್ಲವೂ ನಿಲ್ಲುತ್ತದೆ, ಎಲ್ಲವೂ ನಿಂತರೆ ಡಬ್ಬಿ ಬೇಗ ಕಟ್ಟಿಕೊಳ್ಳುತ್ತದೆ, ವಾರಕ್ಕೊಮ್ಮೆ ತಪ್ಪದೆ ಬಿಚ್ಚಬೇಕಾಗುತ್ತದೆ ಎಂದ ಮೀನು ಮಾರುವವನು. ನೀನು ತುಂಬು ಎಂದ ವ್ಯಾಪಾರಿ. ಅವನು ತುಂಬಿ ಹೋದ. ಮಾರುವವನು ಎಚ್ಚರಿಕೆಯನ್ನು ಒಮ್ಮೆ ಕೊಡುತ್ತಾನೆ, ಎರಡನೆಯ ಸಲ ಮಾಲನ್ನಷ್ಟೇ ಕೊಡುತ್ತಾನೆ. ಅದರಲ್ಲಿ ತಪ್ಪು ಹುಡುಕಬೇಡ.

ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಯಿತು. ವಾರ ಕಳೆದ ಮೇಲೆ ಡಬ್ಬಿ ಬಿಚ್ಚಿದರು. ತೊಳೆದು ಮತ್ತೆ ಜೋಡಿಸಿದಾಗ, ಅಲುಗಿದ ಹೊಟ್ಟು ಕೊಳವೆಯಲ್ಲಿ ಮೇಲೇರಿ ತೊಟ್ಟಿಯೆಲ್ಲ ಚಹಾದ ಬಣ್ಣವಾಯಿತು. ತುಸು ಹೊತ್ತಿಗೆ ತಾನಾಗಿ ತಿಳಿಯಾಗುವಂಥದು ಅದು. ಆದರೆ ಅದೇ ಹೊತ್ತಿಗೆ ರಾಣೆಬೆನ್ನೂರಿನ ಒಂದು ಕುಟುಂಬ ಧಾರೆ ಸೀರೆ ಆರಿಸುತ್ತ ಕೂತಿತ್ತು. ಅವರಲ್ಲಿ ಹಿರಿಯಳೊಬ್ಬಳು ನೀರನ್ನು ನೋಡಿ, ಧಾರೆ ಸೀರೆಗೆ ಈ ರಾಡಿ ಬೇಡವ್ವ ಎಂದು ಎದ್ದಳು. ಉಳಿದವರೂ ಎದ್ದು ಎದುರಿನ ಅಂಗಡಿಗೆ ಹೋದರು. ವ್ಯಾಪಾರಿ ಅಂದೇ ಕಪಾಟಿಗೆ ಬೀಗ ಜಡಿದು ಬೀಗದ ಕೈಯನ್ನು ಗಲ್ಲಾಪೆಟ್ಟಿಗೆಯೊಳಗೆ ಇಟ್ಟುಕೊಂಡ. ಮದುವೆಯ ಕಾಲ ಮುಗಿಯಲಿ, ಆಮೇಲೆ ಬಿಚ್ಚಿದರಾಯಿತು ಎಂದ.

ಮದುವೆಯ ಕಾಲ ಚೆನ್ನಾಗಿ ನಡೆಯಿತು. ಹೊಟ್ಟನ್ನೆಲ್ಲ ಡಬ್ಬಿ ಇಟ್ಟುಕೊಂಡಿತು, ನೀರು ತಿಳಿಯಾಗಿಯೇ ಉಳಿಯಿತು. ಮೇಲಿನ ಕೊಳವೆಯಿಂದ ಹೆಬ್ಬೆರಳ ದಪ್ಪಕ್ಕೆ ಬೀಳುತ್ತಿದ್ದ ನೀರು ಕಡ್ಡಿಯಷ್ಟಾಯಿತು, ಆಮೇಲೆ ನೂಲಾಯಿತು. ಅದು ಬೀಳುವ ಸದ್ದು ತಗ್ಗಿತು. ವ್ಯಾಪಾರಿಗೆ ಅದೂ ಹಿಡಿಸಿತು, ಗಿರಾಕಿಗಳೊಡನೆ ಮಾತಿಗೆ ಅನುಕೂಲ. ಇನ್ನೊಂದು ಸದ್ದು ನಿಂತದ್ದನ್ನು ಹೆಂಡತಿ ಮಾತ್ರ ಗಮನಿಸಿದಳು. ಮೀನು ಮರ ಕೆರೆಯುವುದನ್ನು ಬಿಟ್ಟಿತ್ತು. ಸೌತೆಕಾಯಿಗೂ ಬರಲಿಲ್ಲ.

“ರೀ, ಅದು ಮೇಲಕ್ಕೆ ಬಂದು ಬಾಯಿ ಬಿಡ್ತಾ ಇದೆ. ಬೀಗದ ಕೈ ಕೊಡಿ ಒಂದ್ಸಲ.”

“ನೀರು ನೋಡೇ. ಕುಡಿಯೋ ಹಾಗಿದೆ.”

“ಹಾಗಾದ್ರೆ ನೀವೇ ಒಂದು ಲೋಟ ಕುಡೀರಿ.”

ಅಂಗಡಿಯ ಆಳುಗಳು ನಕ್ಕರು. ವ್ಯಾಪಾರಿಯೂ ನಕ್ಕ. ಕುಡಿಯಲಿಲ್ಲ. ಬೀಗದ ಕೈಯನ್ನೂ ಕೊಡಲಿಲ್ಲ.

ಅವನು ದಡ್ಡನಲ್ಲ. ಬಟ್ಟೆಯ ವ್ಯಾಪಾರಿ. ಜೀವಮಾನವೆಲ್ಲ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಮಾಲಿನ ಗುಣ ಹೇಳಿದವನು. ಅದರಿಂದಲೇ ಮೇಲೆ ಬಂದವನು. ಹೊಟ್ಟು ಕಣ್ಣಿಗೆ ಕಾಣುತ್ತಿಲ್ಲ, ಆದ್ದರಿಂದ ನೀರಿನಲ್ಲಿ ಹೊಟ್ಟಿಲ್ಲ ಎಂಬುದು ಅವನ ಲೆಕ್ಕ. ಡಬ್ಬಿಯೊಳಗೆ ಹಾದು ಬರುವುದೂ ಅದೇ ನೀರು, ತೊಟ್ಟಿಯಲ್ಲಿರುವುದೂ ಅದೇ ನೀರು ಎಂದು ಅವನಿಗೆ ಹೊಳೆಯಲಿಲ್ಲ.

ಕೊನೆಯ ಮುಹೂರ್ತಗಳಿಗೆ ಮುಂಚೆ ಒಂದು ದೊಡ್ಡ ಮನೆತನದವರು ಬಂದರು. ಆ ದಿನ ಬೆಳಗಿನಿಂದ ಕರೆಂಟ್ ಇರಲಿಲ್ಲ. ಡಬ್ಬಿ ನಿಂತಿತ್ತು. ಅದರೊಳಗಿನ ನೀರೂ ನಿಂತಿತ್ತು. ಕಲ್ಲುಗಳಲ್ಲಿ ಅಳಿದುಳಿದಿದ್ದ ಜೀವಿಗಳು ಉಸಿರಿಲ್ಲದೆ ಸತ್ತು, ಹೊಟ್ಟಿನೊಡನೆ ಕೊಳೆಯತೊಡಗಿದವು. ಮಧ್ಯಾಹ್ನ ಕರೆಂಟ್ ಬಂದು ದೀಪ ಹತ್ತಿತು. ಮದುಮಗಳನ್ನು ಗಾಜಿನ ಮುಂದೆ ನಿಲ್ಲಿಸಿ ಸೆರಗು ಹರಡಿದರು. ಆಗ ಮೇಲಿನ ಕೊಳವೆ ಕೆಮ್ಮಿತು. ಡಬ್ಬಿ ಅಷ್ಟು ಕಾಲ ಇಟ್ಟುಕೊಂಡದ್ದು ಕಪ್ಪು ನೀರಾಗಿ ತೊಟ್ಟಿಗೆ ಬಿತ್ತು. ಕೊಳೆತ ಮೊಟ್ಟೆಯ ನಾತ ಅಂಗಡಿಯೆಲ್ಲ ಹರಡಿತು. ಸಣ್ಣ ಮೀನುಗಳು ಅಂಗಾತ ತೇಲಿದವು. ಮರ ತಿನ್ನುವ ಮೀನು ಗಾಜಿಗೆ ಬಾಯಿ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮದುಮಗಳ ಬೆನ್ನ ಹಿಂದೆಯೇ ಜಾರಿ ತಳಕ್ಕೆ ಬಿತ್ತು. ಅವಳಿಗೆ ಅದು ಕಾಣಲಿಲ್ಲ. ಅವಳ ಎದುರಿಗೆ ಕೂತಿದ್ದವರಿಗೆಲ್ಲ ಕಂಡಿತು.

ಅವರು ಸೀರೆಯನ್ನು ಅವಳ ಹೆಗಲಿನಿಂದ ತೆಗೆದು, ಮಡಚದೆಯೇ ಬಿಟ್ಟು ಹೋದರು. ವ್ಯಾಪಾರಿಯ ಹೆಂಡತಿ ಮೊಣಕೈ ತನಕ ಕೈ ಮುಳುಗಿಸಿ ಮೀನನ್ನು ಎತ್ತಿ, ಶುದ್ಧ ನೀರಿನ ಬಕೆಟ್ಟಿನಲ್ಲಿ ಹಿಡಿದುಕೊಂಡಳು. ಕತ್ತಲಾಗುವ ತನಕ ಹಿಡಿದೇ ಇದ್ದಳು. ಅದು ಆಗಲೇ ಸತ್ತಿತ್ತು.

ವ್ಯಾಪಾರಿ ಮೀನು ಮಾರುವವನನ್ನು ಕರೆಸಿದ. ಬೀಗ ತೆಗೆದು, ಕೆಟ್ಟ ಮಾಲು ಕೊಟ್ಟು ನನ್ನ ಅಂಗಡಿ ಕೆಡಿಸಿದೆ ಎಂದು ಬೈದ. ಮೀನು ಮಾರುವವನು ಮುಚ್ಚಳ ಬಿಚ್ಚಿ ನೋಡಿದ. ಕೈ ಇಳಿಸಲು ಜಾಗವಿರಲಿಲ್ಲ. ಮೀನು ಅಷ್ಟು ಕಾಲ ತಿಂದ ಮರವೆಲ್ಲ ಅಲ್ಲಿ ಕರಿ ರಾಡಿಯಾಗಿ ಕೂತಿತ್ತು.

“ಮಾಲು ಕೆಟ್ಟಿಲ್ಲ ಸಾಹುಕಾರ್ರೇ. ನೀವು ಕೊಟ್ಟಿದ್ದನ್ನೆಲ್ಲ ಇಟ್ಟುಕೊಂಡಿದೆ ನೋಡಿ.”

ಹಾಗೆಂದು ಅವನು ಆ ಡಬ್ಬಿಯನ್ನು ಹಳೆಯ ಸಾಮಾನೆಂದು ಒಯ್ದ. ತೊಳೆದು ಬೇರೆಯವರಿಗೆ ಮಾರಿದ. ಅದು ಅಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ವ್ಯಾಪಾರಿ ಗಾಜಿನ ತೊಟ್ಟಿ ಇದ್ದ ಜಾಗಕ್ಕೆ ಕನ್ನಡಿ ತಂದ. ಹೆಂಡತಿ ಆಮೇಲೆ ಅಂಗಡಿಗೆ ಬರಲಿಲ್ಲ. ಗಂಡನನ್ನು ಒಂದು ಮಾತೂ ಅನ್ನಲಿಲ್ಲ, ಕೇಳಿದ್ದನ್ನು ಬಡಿಸಿದಳು, ಎದುರಾಡಲಿಲ್ಲ. ಮನೆ ಬಹಳ ತಿಳಿಯಾಗಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನಿಜಗುಣ ಸ್ವಲ್ಪ ಯೋಚಿಸಿದ. ಅವನೂ ಲೆಕ್ಕ ಬಲ್ಲವನು. ಹೋಲಿಕೆಯಲ್ಲಿ ಒಂದು ಕಡೆ ತೂಕ ಕಡಿಮೆಯಿದೆ ಎಂದು ಅವನಿಗೆ ಕಂಡಿತು.

“ಡಬ್ಬಿಗೆ ಬಾಯಿಲ್ಲ ಗುರುಗಳೇ, ಮುರಿಗೆಪ್ಪನಿಗೆ ಇದೆ. ಕಷ್ಟವಾಗಿದ್ದರೆ ಅವನೇ ಬಂದು ಹೇಳಬಹುದಿತ್ತಲ್ಲ?”

“ಬಾಯಿ ಇದೆಯಪ್ಪ, ಬೀಗದ ಕೈ ಯಾರ ಹತ್ತಿರ ಇದೆ?”